ಹಳೇ 23 ಚಾನೆಲ್ ಸಿಬಿ ಸೆಟ್: ನಾಲ್ಕಕ್ಕೊಂದು ಚಾನೆಲ್ ಮೂಕ

ಹಳೇಪೆಟ್ಟಿಗೆ:
1970ರ ದಶಕದ ಸಿಬಿ ಸೆಟ್ (ಸಿಟಿಜನ್ಸ್ ಬ್ಯಾಂಡ್, ಜನಸಾಮಾನ್ಯರು ಪರಸ್ಪರ ಮಾತಾಡಿಕೊಳ್ಳುವ ರೇಡಿಯೋ) ಒಂದು ಕೈಗೆ ಬಂದಿದೆ. 4, 8, 12, 16, 20, 23 ಚಾನೆಲ್‌ಗಳಲ್ಲಿ ಏನೂ ಕೇಳಿಸುವುದಿಲ್ಲ. ಸುಯ್ ಅನ್ನುವ ಸದ್ದೂ ತೀರಾ ತಗ್ಗುತ್ತದೆ. ಉಳಿದವೆಲ್ಲ ಚೆನ್ನಾಗಿವೆ. ಆಂಟೆನಾ ಬದಲು ಡಮ್ಮಿ ಲೋಡ್ (ಪವರ್ ಹೀರಿಕೊಳ್ಳುವ ರೆಸಿಸ್ಟರ್) ಹಾಕಿ ನೋಡಿದೆ, ಟ್ರಾನ್ಸ್‌ಮಿಟ್ ಎಲ್ಲಾ ಚಾನೆಲ್‌ನಲ್ಲೂ ಮೂರೂವರೆ ವ್ಯಾಟ್ ಬರುತ್ತಿದೆ. ಒಳಗಿನ ಕಾಯಿಲ್ (ತಂತಿ ಸುರುಳಿ) ತಿರುಗಿಸಿ ಟ್ಯೂನ್ ಮಾಡಲಾ?

ಬೆಸುಗೆಕಡ್ಡಿ:
ದಯವಿಟ್ಟು ಬೇಡ! ಕಾಯಿಲ್ ತಿರುಗಿಸಿ ಕೆಟ್ಟ ಸೆಟ್‌ಗಳೇ ಜಾಸ್ತಿ. ನಿಮ್ಮ ಪಟ್ಟಿಯಲ್ಲೇ ಉತ್ತರ ಇದೆ.

ಆ ಕಾಲದ ಹೆಚ್ಚಿನ ಸೆಟ್‌ಗಳಲ್ಲಿ 14 ಕ್ರಿಸ್ಟಲ್ (ಫ್ರೀಕ್ವೆನ್ಸಿ ನಿಗದಿ ಮಾಡುವ ಪುಟ್ಟ ಡಬ್ಬಿಗಳು) ಇರುತ್ತವೆ. 6ರ ಒಂದು ಗುಂಪು, ಕಳಿಸುವುದಕ್ಕೆ 4, ಕೇಳುವುದಕ್ಕೆ 4. ಆರರಲ್ಲಿ ಒಂದು, ನಾಲ್ಕರಲ್ಲಿ ಒಂದು ಸೇರಿದರೆ ಒಂದು ಚಾನೆಲ್. ಆರರ ಗುಂಪಿನದು ಕೈಕೊಟ್ಟರೆ 5, 6, 7, 8 ಹೀಗೆ ಸಾಲಾಗಿ ಹೋಗುತ್ತವೆ, ಕೇಳುವುದೂ ಕಳಿಸುವುದೂ ಎರಡೂ. ನಿಮ್ಮದು ನಾಲ್ಕಕ್ಕೊಂದು, ಅದೂ ಕೇಳುವ ಕಡೆ ಮಾತ್ರ. ಅಂದರೆ ಕೇಳುವ ನಾಲ್ಕರಲ್ಲಿ ಕೊನೆಯದು.

ಹಳೇಪೆಟ್ಟಿಗೆ:
ಹಾಗಾದರೆ 24 ಆಗಬೇಕಿತ್ತು ಅಲ್ವಾ? 23 ಯಾಕೆ?

ಬೆಸುಗೆಕಡ್ಡಿ:
ಒಳ್ಳೆ ಪ್ರಶ್ನೆ. 6 ನಾಲ್ಕಲಿ 24 ಜೋಡಿ. ಆದರೆ 22ರ 27.225 ಮೆಗಾಹರ್ಟ್ಜ್ ಆದಮೇಲೆ ಬರಬೇಕಾದ 27.235ಕ್ಕೆ ಆಗ ನಂಬರ್ ಇರಲಿಲ್ಲ. ನೇರ 27.255ಕ್ಕೆ ಹಾರಿ ಅದನ್ನೇ 23 ಅಂದರು. 1977ರಲ್ಲಿ ಅಮೆರಿಕದಲ್ಲಿ 40 ಚಾನೆಲ್ ಬಂದಾಗ ಆ ಖಾಲಿ ಜಾಗ 24 ಆಯಿತು. 40 ಚಾನೆಲ್ ಸೆಟ್‌ಗಳು ಸಾಮಾನ್ಯವಾಗಿ ಪಿಎಲ್ಎಲ್ (ಒಂದೆರಡು ಕ್ರಿಸ್ಟಲ್‌ನಿಂದಲೇ ಎಲ್ಲಾ ಚಾನೆಲ್ ಹುಟ್ಟಿಸುವ ಸರ್ಕ್ಯೂಟ್) ಮೇಲೆ ಓಡುತ್ತವೆ, ಅಲ್ಲಿ ಈ ಲೆಕ್ಕ ನಡೆಯುವುದಿಲ್ಲ.

ಹೊಸ ಕ್ರಿಸ್ಟಲ್ ಹುಡುಕುವ ಮೊದಲು ಚಾನೆಲ್ ಸ್ವಿಚ್‌ಗೆ ಕಾಂಟ್ಯಾಕ್ಟ್ ಕ್ಲೀನರ್ ಹೊಡೆದು ಇಪ್ಪತ್ತು ಸಲ ತಿರುಗಿಸಿ. ಆಮೇಲೆ ಒಣ ಮರದ ಕಡ್ಡಿಯಿಂದ ಕ್ರಿಸ್ಟಲ್ ಡಬ್ಬಿಯನ್ನು ಮೆಲ್ಲಗೆ ಅಲ್ಲಾಡಿಸಿ. ಆಗಲೂ ಜೀವ ಬರದಿದ್ದರೆ ಪಕ್ಕದ ಕ್ರಿಸ್ಟಲ್ ಜೊತೆ ಜಾಗ ಬದಲಿಸಿ. ಮೌನ 3, 7, 11ಕ್ಕೆ ಹೋದರೆ ಕ್ರಿಸ್ಟಲ್ ಸತ್ತಿದೆ. ಅಲ್ಲೇ ಉಳಿದರೆ ಸ್ವಿಚ್ ಅಥವಾ ಬೆಸುಗೆ.

ಹಳೇಪೆಟ್ಟಿಗೆ:
ಕಡ್ಡಿಯಲ್ಲೇ ಸಿಕ್ಕಿತು! ಮುಟ್ಟಿದರೆ ಸುಯ್, ಬಿಟ್ಟರೆ ಮೌನ. ಲೆನ್ಸ್ ಹಿಡಿದು ನೋಡಿದರೆ ಕಾಲಿನ ಸುತ್ತ ಬೆಸುಗೆಯಲ್ಲಿ ಕೂದಲೆಳೆಯಂಥ ಕಪ್ಪು ಉಂಗುರ. ಹಳೆಯದನ್ನು ಹೀರಿ ಹೊಸ ಬೆಸುಗೆ ಹಾಕಿದೆ. ಆರೂ ಚಾನೆಲ್ ಬಂದವು.

ಆದರೆ ಸೆಟ್ ಮುಚ್ಚುವಾಗ ಮೈಕ್ ಕಳಚಿದೆ. ಈಗ ಎಲ್ಲಾ ಚಾನೆಲ್ ಮೂಕ! ಸ್ಪೀಕರ್ ಹೋಯಿತಾ?

ಬೆಸುಗೆಕಡ್ಡಿ:
ಮೈಕ್ ಸಿಕ್ಕಿಸಿ ನೋಡಿ. ಇಂಥ ಎಷ್ಟೋ ಸೆಟ್‌ಗಳಲ್ಲಿ ಸ್ಪೀಕರ್‌ನ ಒಂದು ತಂತಿ ಮೈಕಿನಲ್ಲಿ ಮಾತಾಡುವಾಗ ಒತ್ತುವ ಗುಂಡಿಯ ಮೂಲಕವೇ ಹೋಗುತ್ತದೆ. ಮೈಕ್ ಇಲ್ಲದಿದ್ದರೆ ಸದ್ದೂ ಇಲ್ಲ. ಬೇರೆ ಸೆಟ್‌ನ ಮೈಕ್ ಮಾತ್ರ ಹಾಕಬೇಡಿ. ನಾಲ್ಕು ಪಿನ್ ಸರಿಯಾಗಿ ಕೂತರೂ ಒಳಗಿನ ತಂತಿ ಕಂಪನಿಗೊಂದು ಥರ.

ಹಳೇಪೆಟ್ಟಿಗೆ:
ಬಂತು. ಸುಮ್ನೆ ಅರ್ಧ ಗಂಟೆ ಸ್ಪೀಕರ್ ಬಿಚ್ಚಿಕೊಂಡು ಕೂತಿದ್ದೆ.