ಹೋದವರ ಪಾಲಿಗೂ ರೊಟ್ಟಿ ತಟ್ಟುವ ಕೈಯ ಭಾವಕ್ಕೆ ಏನೆನ್ನಬೇಕು?

ಪ್ರಶ್ನೆ (ಸೇಡಂ):
ನನ್ನ ತಮ್ಮ ಕೆಲಸಕ್ಕೆಂದು ಪುಣೆಗೆ ಹೋಗಿ ಎರಡು ತಿಂಗಳಾಯಿತು. ನಮ್ಮವ್ವ ಈಗಲೂ ಅವನ ಪಾಲಿನ ಎರಡು ಜೋಳದ ರೊಟ್ಟಿಗಳನ್ನು ತಟ್ಟಿಬಿಡುತ್ತಾಳೆ. ಹಂಚಿನ ಮೇಲೆ ರೊಟ್ಟಿ ಉಬ್ಬುವ ಹೊತ್ತಿಗೆ ಅರಿವಾಗಿ, ಒಂದು ಗಳಿಗೆ ಅವಳ ಕೈ ನಿಂತುಬಿಡುತ್ತದೆ. ಅದು ಅಳುವಂಥ ದುಃಖವಲ್ಲ, ಬರೀ ನೆನಪೂ ಅಲ್ಲ. ನಮ್ಮ ಕಡೆಯ 'ಹಳಹಳಿ' ಎಂಬ ಮಾತಿನಲ್ಲಿ ಕೊರಗೇ ಹೆಚ್ಚು. ನಾನು 'ಗತಗಣನೆ' (ಹೋದವರನ್ನೂ ಎಣಿಸುವುದು) ಎಂದು ಹೆಸರಿಟ್ಟು ಹೇಳಿದರೆ ಅವ್ವ, "ಅದೇನು ಜನಗಣತಿ ಏನು?" ಎಂದಳು. ಬೇರೆ ಪದ ಸೂಚಿಸುವಿರಾ?

ಉತ್ತರ 1 (ಕಲಬುರಗಿ):
ಹೊಸ ಪದ ಬೇಕೇ ಎಂಬುದೇ ನನ್ನ ಅನುಮಾನ. ನಾಟ್ಯಶಾಸ್ತ್ರವು 8 ಸ್ಥಾಯಿಭಾವಗಳನ್ನೂ (ನೆಲೆನಿಲ್ಲುವ ಭಾವಗಳು) 33 ವ್ಯಭಿಚಾರಿಭಾವಗಳನ್ನೂ (ಬಂದು ಹೋಗುವ ಭಾವಗಳು) ಹೆಸರಿಸಿದೆ. ಸ್ಮೃತಿ, ಚಿಂತೆ, ವಿಷಾದ ಮೂರೂ ಆ 33ರಲ್ಲಿಯೇ ಇವೆ. ಆದರೆ ಅವು ರಂಗದ ಮೇಲೆ ತೋರಿಸುವುದಕ್ಕಾಗಿ ಎಣಿಸಿದವು, ಒಲೆಯ ಮುಂದೆ ಕೂತವರಿಗಾಗಿ ಅಲ್ಲ ಎಂಬುದನ್ನು ಒಪ್ಪುತ್ತೇನೆ.

ಉತ್ತರ 2 (ಬೀದರ್):
ನಿಮ್ಮದೇ ತಾಲೂಕಿನ ಮಳಖೇಡ ಅಂದಿನ ಮಾನ್ಯಖೇಟ. ಅಲ್ಲಿನ ರಾಷ್ಟ್ರಕೂಟರ ಆಸ್ಥಾನದಲ್ಲಿ 9ನೆಯ ಶತಮಾನದಲ್ಲಿ ಹುಟ್ಟಿದ 'ಕವಿರಾಜಮಾರ್ಗ', ಸಂಸ್ಕೃತ ಮತ್ತು ಕನ್ನಡ ಪದಗಳನ್ನು ಹದವರಿಯದೆ ಬೆಸೆಯುವುದು ಕಾಯುವ ಹಾಲಿಗೆ ಮಜ್ಜಿಗೆಯ ಹನಿ ಬೆರೆಸಿದಂತೆ ಎಂದು ಎಚ್ಚರಿಸಿತು. 'ಗತಗಣನೆ'ಯಲ್ಲಿ ಆ ದೋಷವಿಲ್ಲ, ಎರಡೂ ಸಂಸ್ಕೃತವೇ. (ಕನ್ನಡದ 'ಬಾಯಿ'ಗೆ ಸಂಸ್ಕೃತದ 'ಪಾಠ' ಬೆಸೆದ ದೋಷವಿದ್ದೂ 'ಬಾಯಿಪಾಠ' ನಮ್ಮ ಬಾಯಲ್ಲಿ ನಿಂತಿದೆ, ಆ ಮಾತು ಬೇರೆ.) ತೊಡಕಿರುವುದು ಸದ್ದಿನಲ್ಲಿ. ಕಸಿವಿಸಿ, ತಳಮಳ, ಕಳವಳ, ಗಲಿಬಿಲಿ ಇವುಗಳನ್ನು ಬಿಡಿಸಿ ನೋಡಿದರೆ ಅರ್ಥ ಸಿಗದು. ಆದರೂ ಉಚ್ಚರಿಸುವಾಗ ಬಾಯಿಯೇ ಆ ಭಾವವನ್ನು ಅನುಭವಿಸುತ್ತದೆ. ಅಂಥ ಪದವನ್ನು ಕೂತು ಕಟ್ಟಲಾಗದಿದ್ದರೂ, ಮೈಗೆ ಹತ್ತಿರವಾದುದನ್ನು ಹುಡುಕಬಹುದು. 'ಕೈನೆನಪು' ಆಗಬಹುದೇ?

ಉತ್ತರ 3 (ಯಾದಗಿರಿ):
'ಕೈನೆನಪು' ಎಂದರೆ ತಬಲಾ ನುಡಿಸುವವರ ಪಳಗಿದ ಕೈ ಎಂದುಕೊಂಡಾರು. ಇಲ್ಲಿ ಮಗ ದೂರವಿದ್ದಾನೆಂದು ಮನಸ್ಸಿಗೆ ಗೊತ್ತಿದೆ, ಮರೆತದ್ದು ಕೈ. ಆದ್ದರಿಂದ 'ಕೈಮರೆವು' ಎನ್ನಿ.

ಪ್ರಶ್ನೆ ಕೇಳಿದವರು:
ಮೂವರಿಗೂ ವಂದನೆಗಳು. 'ಕೈಮರೆವು' ಎಂಬುದನ್ನು ಅವ್ವನಿಗೆ ಒಮ್ಮೆ ಹೇಳಿ ಸುಮ್ಮನಾಗಿದ್ದೆ. ಇಂದು ಮುಂಜಾನೆ ಬುಟ್ಟಿಯಲ್ಲಿ ಎರಡು ರೊಟ್ಟಿ ಹೆಚ್ಚಿದ್ದವು. ಕೇಳುವ ಮೊದಲೇ ಅವಳು, "ಮತ್ತ ಕೈಮರವು ಆಯ್ತು ನೋಡು" ಎಂದು ಅವನ್ನು ಒಣಗಿ ಗರಿಗರಿ ಕಟಿರೊಟ್ಟಿಯಾಗಲೆಂದು ಒಲೆಯ ಬದಿಗೆ ಒರಗಿಸಿದಳು.