8 ಬಿಟ್ ವೇವ್ ಫೈಲ್ ಎಕ್ಸ್‌ಪೋರ್ಟ್ ಮಾಡಿದರೆ ಮಾತಿನ ನಡುವೆ ‘ಸುಯ್’ ಸದ್ದು, ಡಿದರ್ ಕಾರಣವೇ? (ಪರಿಹಾರ ಸಿಕ್ಕಿದೆ)

ಬೆಸುಗೆ

ಎಲ್ಲರಿಗೂ ನಮಸ್ಕಾರ. ನಮ್ಮೂರ ಶಾಲೆಗೆ ಮಾತಾಡುವ ಹಕ್ಕಿ ಬೋರ್ಡು ಮಾಡ್ತಾ ಇದ್ದೇನೆ. ಚಿತ್ರದ ಕೆಳಗಿನ ಗುಂಡಿ ಒತ್ತಿದರೆ ಆ ಹಕ್ಕಿಯ ಹೆಸರು, ಜೊತೆಗೆ ಎರಡು ಸಾಲು ವಿವರ ಕೇಳಬೇಕು. ಮಡಿವಾಳ, ಕೆಂಬೂತ, ಮಿಂಚುಳ್ಳಿ, ಪಿಕಳಾರ ಹೀಗೆ. ದನಿ ಅಣ್ಣನ ಮಗಳದ್ದು.

ಹಾರ್ಡ್‌ವೇರ್: ಆರ್ಡುಯಿನೊ ಊನೊ (ಪುಟ್ಟ ಮೈಕ್ರೋಕಂಟ್ರೋಲರ್ ಬೋರ್ಡ್), ಎಸ್‌ಡಿ ಕಾರ್ಡ್ ಮಾಡ್ಯೂಲ್, ಪುಟ್ಟ ಆಂಪ್ಲಿಫೈಯರ್ ಬೋರ್ಡ್, 3 ಇಂಚಿನ ಸ್ಪೀಕರ್. ಫೈಲ್ ಓದಲು ಟಿಎಂಆರ್‌ಪಿಸಿಎಂ ಲೈಬ್ರರಿ. ಅದಕ್ಕೆ 8 ಬಿಟ್, ಮೊನೊ ವೇವ್ ಫೈಲೇ ಬೇಕು. ಸ್ಯಾಂಪಲ್ ರೇಟ್ 16,000, ಅಂದರೆ ಸೆಕೆಂಡಿಗೆ ಅಷ್ಟು ಅಳತೆ, ಇಟ್ಟಿದ್ದೇನೆ.

ರೆಕಾರ್ಡಿಂಗ್, ಎಡಿಟಿಂಗ್ ಎಲ್ಲ ಆಡಾಸಿಟಿ ಸಾಫ್ಟ್‌ವೇರಿನಲ್ಲಿ, 32 ಬಿಟ್ ಫ್ಲೋಟ್ (ದಶಮಾಂಶ ಸಂಖ್ಯೆಗಳ ಬಲು ನಿಖರ ರೂಪ). ಅಲ್ಲಿ ಕೇಳಿದರೆ ದನಿ ಶುದ್ಧವಾಗಿದೆ. 8 ಬಿಟ್‌ಗೆ ಎಕ್ಸ್‌ಪೋರ್ಟ್ ಮಾಡಿದ ಕೂಡಲೇ ಹಿಂದೆ ಒಂದೇ ಸಮ ಸುಯ್ಯೆನ್ನುತ್ತೆ. ಮಾತಿರುವಾಗ ಅಷ್ಟು ಗೊತ್ತಾಗಲ್ಲ, ನಿಂತಾಗ ಎದ್ದು ಕೇಳುತ್ತೆ. ವಿಚಿತ್ರ ಏನಂದರೆ, ಫೈಲಿನ ಶುರುವಿಗೆ ನಾನೇ ಜನರೇಟ್ ಮಾಡಿ ಸೇರಿಸಿದ ಒಂದು ಸೆಕೆಂಡಿನ ಖಾಲಿ ಜಾಗದಲ್ಲೂ ಅದೇ ಸದ್ದು! ಅಲ್ಲಿ ಮೈಕೂ ಇಲ್ಲ, ಕೋಣೆಯೂ ಇಲ್ಲ. ಬಿಟ್ ಇಳಿಸುವಾಗ ಡಿದರ್ ಅನ್ನೋದು ಬೇಕೆಂದೇ ಸಣ್ಣ ಸದ್ದು ಸೇರಿಸುತ್ತೆ ಅಂತ ಓದಿದ್ದೆ. ಇದು ಅದೇನಾ? ತೆಗೆಯೋದು ಹೇಗೆ?

ಹಳೇಕ್ಯಾಸೆಟ್

8 ಬಿಟ್ ಅಂದ್ರೆ ಅಷ್ಟೇ ಮಾರಾಯ್ರೇ, ಅದರ ಹಣೆಬರಹ. ಆ ಲೈಬ್ರರಿ ಬಿಟ್ಟು ಡಿಎಫ್‌ಪ್ಲೇಯರ್ ಮಿನಿ ಹಾಕಿ. ಎಂಪಿ3 ನೇರ ಓದ್ತದೆ, ತಲೆಬಿಸಿಯೇ ಇಲ್ಲ.

ಬೆಸುಗೆ

ಗೊತ್ತು ಸರ್. ಆದರೆ ಎಲ್ಲ ಬೆಸುಗೆ ಹಾಕಿ, ಪ್ಲೈವುಡ್ ಪೆಟ್ಟಿಗೆ ಮುಚ್ಚಿ, ಬಣ್ಣವೂ ಬಳಿದಾಗಿದೆ. ಫೈಲಲ್ಲೇ ಸರಿಮಾಡಲು ಆಗುತ್ತಾ ನೋಡೋಣ ಅಂತ.

ಸರ್ಕ್ಯೂಟ್ ಮೇಷ್ಟ್ರು

ಮೊದಲು ಸದ್ದು ಫೈಲಿನಲ್ಲಿದೆಯೋ ಪೆಟ್ಟಿಗೆಯಲ್ಲಿದೆಯೋ ಅನ್ನುವುದು ಇತ್ಯರ್ಥವಾಗಲಿ. ಎಕ್ಸ್‌ಪೋರ್ಟ್ ಆದ ಅದೇ ವೇವ್ ಫೈಲನ್ನು ಕಂಪ್ಯೂಟರಿನಲ್ಲಿ ಇಯರ್‌ಫೋನ್ ಹಾಕಿಕೊಂಡು ಕೇಳಿ. ಅಲ್ಲೂ ಸದ್ದಿದ್ದರೆ ಆರ್ಡುಯಿನೊ, ಆಂಪ್ಲಿಫೈಯರ್ ಎರಡೂ ನಿರಪರಾಧಿಗಳು.

ಆಮೇಲೆ ಅದೇ ಫೈಲನ್ನು ಆಡಾಸಿಟಿಯಲ್ಲಿ ಹೊಸದಾಗಿ ತೆರೆದು, ನೀವು ಸೇರಿಸಿದ ಖಾಲಿ ಜಾಗಕ್ಕೆ ಹೋಗಿ. ಸ್ಯಾಂಪಲ್‌ಗಳು ಬಿಡಿಬಿಡಿ ಚುಕ್ಕೆಗಳಾಗಿ ಕಾಣುವವರೆಗೆ ಜೂಮ್ ಮಾಡಿ. ಚುಕ್ಕೆಗಳು ಎಷ್ಟು ಸಾಲಿನಲ್ಲಿವೆ, ಸೊನ್ನೆಯ ಗೆರೆಯಿಂದ ಮೇಲಿವೆಯೋ ಕೆಳಗಿವೆಯೋ ಹೇಳಿ. ಆ ಭಾಗದ ಆರ್‌ಎಂಎಸ್ (ಒಂದು ಬಗೆಯ ಸರಾಸರಿ) ಮಟ್ಟವನ್ನೂ ಅಳೆದು ಹಾಕಿ. ಅಂದಾಜಿನ ಮೇಲೆ ಔಷಧ ಕೊಡುವುದು ಬೇಡ.

ಬೆಸುಗೆ

ಇಯರ್‌ಫೋನಿನಲ್ಲೂ ಇದೆ ಸರ್. ಅಂದರೆ ಫೈಲಿನದ್ದೇ.

ಚುಕ್ಕೆಗಳು ಎರಡೇ ಸಾಲು. ಒಂದು ಸೊನ್ನೆಯ ಮೇಲೆ, ಇನ್ನೊಂದು ಅದರ ಕೆಳಗೆ, -0.0078ರಲ್ಲಿ. ಹಿಂದೆ ಮುಂದೆ ಸರಿಸಿ ನೋಡಿದೆ, ಸೊನ್ನೆಗಿಂತ ಮೇಲೆ ಒಂದೂ ಇಲ್ಲ. ಆರ್‌ಎಂಎಸ್ -46 ಡೆಸಿಬಲ್ ಆಸುಪಾಸು.

ಸರ್ಕ್ಯೂಟ್ ಮೇಷ್ಟ್ರು

ಕಳ್ಳ ಸಿಕ್ಕಿದ. ಸ್ವಲ್ಪ ಲೆಕ್ಕ ಹೇಳುತ್ತೇನೆ, ಬೇಸರ ಮಾಡಿಕೊಳ್ಳಬೇಡಿ.

8 ಬಿಟ್‌ನಲ್ಲಿ ಒಟ್ಟು 256 ಮೆಟ್ಟಿಲು. ಮೌನ ಎಂದರೆ ನಡುವಿನ 128. ಒಂದು ಮೆಟ್ಟಿಲಿನ ಎತ್ತರ 1/128, ಅಂದರೆ 0.0078, ಡೆಸಿಬಲ್‌ನಲ್ಲಿ (ಪೂರ್ತಿ ಎತ್ತರವೇ 0) ಸುಮಾರು -42. ಇದು ನಿಜಕ್ಕೂ 8 ಬಿಟ್‌ಗೆಂದು ಹಾಕಿದ ತ್ರಿಕೋನ ಡಿದರ್ (ಸೊನ್ನೆಯ ಬಳಿ ಹೆಚ್ಚು, ದೂರ ಹೋದಂತೆ ಕಡಿಮೆ ಬೀಳುವ ಬಗೆ) ಆಗಿದ್ದರೆ ಖಾಲಿ ಜಾಗದಲ್ಲಿ ಮೂರು ಸಾಲು ಕಾಣಬೇಕಿತ್ತು. ನಾಲ್ಕರಲ್ಲಿ ಮೂರು ಪಾಲು ಸ್ಯಾಂಪಲ್ 128, ಎಂಟರಲ್ಲೊಂದು 127, ಇನ್ನೆಂಟರಲ್ಲೊಂದು 129. ಮೇಲೆ ಕೆಳಗೆ ಸಮಸಮ. ನಿಮ್ಮದರಲ್ಲಿ ಕೆಳಗಿನದು ಮಾತ್ರ ಇದೆ. ಆದ್ದರಿಂದ ಇದು 8 ಬಿಟ್ ಡಿದರ್ ಅಲ್ಲವೇ ಅಲ್ಲ.

ನಡೆಯುತ್ತಿರುವುದು ಎರಡು ಹಂತದ ಕೆಲಸ. ಮೊದಲು ದನಿ 32 ಬಿಟ್ ಫ್ಲೋಟ್‌ನಿಂದ 16 ಬಿಟ್‌ಗೆ ಇಳಿಯುತ್ತದೆ. ಡಿದರ್ ಸೇರುವುದು ಅಲ್ಲಿ. ಆಮೇಲೆ ಫೈಲಿಗೆ ಬರೆಯುವಾಗ ಆ 16ರಲ್ಲಿ ಕೆಳಗಿನ 8 ಬಿಟ್ ಕತ್ತರಿಸಿ ಎಸೆಯಲಾಗುತ್ತದೆ. ಹತ್ತಿರದ ಮೆಟ್ಟಿಲಿಗೆ ಹೊಂದಿಸುವುದಲ್ಲ, ಬರೀ ಕತ್ತರಿಸುವುದು. ಕತ್ತರಿಸಿದಾಗ ಬೆಲೆ ಯಾವಾಗಲೂ ಕೆಳಗಿನ ಮೆಟ್ಟಿಲಿಗೇ ಬೀಳುತ್ತದೆ. 16 ಬಿಟ್‌ನಲ್ಲಿ ಸೊನ್ನೆಗಿಂತ ಒಂದೇ ಒಂದು ಕೂದಲೆಳೆ ಕೆಳಗಿದ್ದ ಸ್ಯಾಂಪಲ್ಲೂ (1/32,768, ಅಂದರೆ -90 ಡೆಸಿಬಲ್) 8 ಬಿಟ್‌ನಲ್ಲಿ ಇಡೀ ಒಂದು ಮೆಟ್ಟಿಲು ಕೆಳಗೆ ಕೂರುತ್ತದೆ. ಎತ್ತರ 256 ಪಟ್ಟಾಯಿತು. ಯಾರ ಕಿವಿಗೂ ಬೀಳದಿದ್ದದ್ದು 48 ಡೆಸಿಬಲ್ ಏರಿ -42ಕ್ಕೆ ಬಂದು ನಿಂತಿತು.

ಪ್ರಿಫರೆನ್ಸಸ್‌ನಲ್ಲಿ ಕ್ವಾಲಿಟಿ ವಿಭಾಗ ನೋಡಿ. ಹೈ ಕ್ವಾಲಿಟಿ ಕನ್ವರ್ಶನ್ ಕೆಳಗೆ ಡಿದರ್ ‘ಶೇಪ್ಡ್’ ಎಂದಿರುತ್ತದೆ, ಅದು ಮೊದಲಿನಿಂದಲೇ ಇರುವ ಸೆಟ್ಟಿಂಗ್. ‘ನನ್’ ಮಾಡಿ ಮತ್ತೆ ಎಕ್ಸ್‌ಪೋರ್ಟ್ ಮಾಡಿ. ಏನಾಯಿತು ಹೇಳಿ.

ಬೆಸುಗೆ

ಅರ್ಧ ಗೆದ್ದೆ ಸರ್. ಸೇರಿಸಿದ ಖಾಲಿ ಜಾಗ ಈಗ ಪೂರ್ತಿ ಮೌನ, ಚುಕ್ಕೆಗಳೆಲ್ಲ ಒಂದೇ ಸಾಲು. ಆದರೆ ‘ಕೆಂಬೂತ’ ಅಂತ ಹೇಳಿ ಮುಂದಿನ ವಾಕ್ಯಕ್ಕೆ ಅವಳು ಉಸಿರು ತಗೊಳ್ಳುವ ಜಾಗದಲ್ಲಿ ಸದ್ದು ಹಾಗೇ ಇದೆ. ಇನ್ನೂ ಒರಟಾಗಿದೆ, ‘ಸುಯ್’ ಹೋಗಿ ‘ಕರಕರ’ ಆಗಿದೆ.

ಸರ್ಕ್ಯೂಟ್ ಮೇಷ್ಟ್ರು

ನಿರೀಕ್ಷಿಸಿದ್ದೇ. ಅಲ್ಲಿ ಡಿದರ್ ಇಲ್ಲದಿದ್ದರೂ ಕೋಣೆಯ ಸದ್ದಿದೆಯಲ್ಲ. ಫ್ಯಾನು, ಮೈಕಿನ ಸ್ವಂತ ಗೊರಗೊರ, ದೂರದ ರಸ್ತೆ. ಅದೂ ಸೊನ್ನೆಯ ಆಚೀಚೆ ಓಲಾಡುವುದೇ. ಪ್ರತಿ ಸಲ ಸೊನ್ನೆಯಿಂದ ಕೆಳಗಿಳಿದಾಗ ಒಂದು ಮೆಟ್ಟಿಲು ಧೊಪ್ಪೆಂದು ಬೀಳುತ್ತದೆ. ಕತ್ತರಿ ಸರಿಯಾಗಿ ಸೊನ್ನೆಯ ಮೇಲೆ ಕೂತಿರುವುದೇ ತೊಂದರೆ. ಕತ್ತರಿಯನ್ನು ಸರಿಸಲು ನಮಗೆ ಆಗದು, ದನಿಯನ್ನು ಸರಿಸಬಹುದು.

ಇಡೀ ಟ್ರ್ಯಾಕನ್ನು ಅರ್ಧ ಮೆಟ್ಟಿಲು ಮೇಲಕ್ಕೆ ಎತ್ತಿಬಿಡಿ. 1/128ರ ಅರ್ಧ 0.0039. ಆಡಾಸಿಟಿಯೊಳಗೇ ಆದೇಶ ಬರೆಯುವ ನೈಕ್ವಿಸ್ಟ್ ಪ್ರಾಂಪ್ಟ್‌ನಲ್ಲಿ ಟ್ರ್ಯಾಕಿಗೆ ಈ ಸಂಖ್ಯೆ ಕೂಡಿಸುವ ಒಂದೇ ಸಾಲು ಬರೆದರೆ ಆಯಿತು. ಆಗ ಕತ್ತರಿಸುವುದೇ ಹತ್ತಿರದ ಮೆಟ್ಟಿಲಿಗೆ ಹೊಂದಿಸಿದ ಹಾಗಾಗುತ್ತದೆ. ಕೋಣೆಯ ಸದ್ದು 0.0039ರೊಳಗೆ, ಅಂದರೆ ಪೀಕ್ -48 ಡೆಸಿಬಲ್‌ಗಿಂತ ಕೆಳಗಿದ್ದರೆ ಪೂರ್ತಿ 128ಕ್ಕೇ ಹೋಗಿ ಕೂರುತ್ತದೆ. ಅದಕ್ಕಿಂತ ಜೋರಾಗಿದ್ದರೆ ಮೊದಲು ನಾಯ್ಸ್ ಗೇಟ್ (ಒಂದು ಮಟ್ಟಕ್ಕಿಂತ ಸಣ್ಣ ಸದ್ದನ್ನು ಅಡಗಿಸುವ ಎಫೆಕ್ಟ್) ಹಾಕಬೇಕು.

ಅನುಕ್ರಮ ತಪ್ಪಬಾರದು. ಮೊದಲು ಮೊನೊ, ಆಮೇಲೆ 16,000ಕ್ಕೆ ರೀಸ್ಯಾಂಪಲ್, ಆಮೇಲೆ -1 ಡೆಸಿಬಲ್‌ಗೆ ನಾರ್ಮಲೈಸ್ (ಅತಿ ಜೋರಿನ ಜಾಗ ಆ ಮಟ್ಟಕ್ಕೆ ಬರುವಂತೆ ಏರಿಸುವುದು), ಕೊನೆಯಲ್ಲಿ 0.0039. ನಾರ್ಮಲೈಸ್ ಕಿಟಕಿಯಲ್ಲಿ ಡಿಸಿ ಆಫ್‌ಸೆಟ್ (ಇಡೀ ದನಿ ಸೊನ್ನೆಯಿಂದ ಸರಿದಿರುವುದು) ತೆಗೆಯುವ ಚೌಕಕ್ಕೆ ಮೊದಲೇ ಗುರುತು ಬಿದ್ದಿರುತ್ತದೆ. ಕೂಡಿಸಿದ ಮೇಲೆ ನಾರ್ಮಲೈಸ್ ಮಾಡಿದರೆ ನೀವು ಎತ್ತಿದ್ದನ್ನು ಅದು ಸದ್ದಿಲ್ಲದೆ ಇಳಿಸಿಬಿಡುತ್ತದೆ.

ಹಳೇಕ್ಯಾಸೆಟ್

ಮೇಷ್ಟ್ರೇ, ಇದು ಓದಿ ನನಗೆ ಹೆದರಿಕೆ ಹುಟ್ಟಿತು. ನಾನು ಮನೆಯ ತಾಳಮದ್ದಲೆ ಕ್ಯಾಸೆಟ್ಟುಗಳನ್ನೆಲ್ಲ 16 ಬಿಟ್ ವೇವ್ ಮಾಡಿ ಇಡ್ತಾ ಇದ್ದೇನೆ, ಡಿದರ್ ಶೇಪ್ಡ್‌ನಲ್ಲೇ ಉಂಟು. ನಾನೂ ನನ್ ಮಾಡ್ಬೇಕಾ? ಮಾಡಿದ್ದನ್ನೆಲ್ಲ ಪುನಃ ಮಾಡ್ಬೇಕಾ?

ಸರ್ಕ್ಯೂಟ್ ಮೇಷ್ಟ್ರು

ಮುಟ್ಟಲೇಬೇಡಿ. ನಿಮಗೆ ಇರುವುದೇ ಸರಿ.

ಬೆಸುಗೆಯವರ ತೊಂದರೆ ಡಿದರ್‌ನದ್ದಲ್ಲ, ಡಿದರ್ ಆದ ಮೇಲೆ ಬಿದ್ದ ಕತ್ತರಿಯದ್ದು. ನಿಮ್ಮದು 16 ಬಿಟ್‌ಗೇ ನಿಲ್ಲುತ್ತದೆ, ಎರಡನೇ ಹಂತವೇ ಇಲ್ಲ. ತ್ರಿಕೋನ ಡಿದರ್ ಹಾಕಿದ 16 ಬಿಟ್‌ನ ಸದ್ದು -96 ಡೆಸಿಬಲ್ ಹತ್ತಿರ. ಶೇಪ್ಡ್‌ನಲ್ಲಿ ಒಟ್ಟು ಸದ್ದು ಅದಕ್ಕಿಂತ ಸುಮಾರು 12 ಡೆಸಿಬಲ್ ಹೆಚ್ಚೇ ಇದೆ, -84ರ ಸುಮಾರಿಗೆ. ಆದರೆ ಅದರ ಬಹುಪಾಲನ್ನು 15 ಕಿಲೋಹರ್ಟ್ಸ್‌ನಿಂದ ಮೇಲಕ್ಕೆ, ಕಿವಿ ಮಂದವಾಗಿರುವ ಕಡೆಗೆ ತಳ್ಳಿರುತ್ತಾರೆ. ನಿಮ್ಮ ಕ್ಯಾಸೆಟ್ಟಿನದೇ ಬುಸುಗುಡುವಿಕೆ ಇದಕ್ಕಿಂತ ಎಷ್ಟೋ ಮೇಲಿದೆ. ನೀವು ಕೇಳುತ್ತಿರುವುದು ಟೇಪನ್ನು, ಡಿದರನ್ನಲ್ಲ.

ಡಿದರ್ ಯಾಕೆ ಬೇಕು ಅಂದರೆ: ಹಳೇ ದಿನಸಿ ಅಂಗಡಿಯ ತಕ್ಕಡಿಯಲ್ಲಿ ಮುಳ್ಳು ಎಲ್ಲೋ ಒಂದು ಕಡೆ ಹಿಡಿದುಕೊಂಡು ನಿಂತರೆ ಶೆಟ್ಟರು ಬೆರಳಲ್ಲಿ ಒಮ್ಮೆ ತಟ್ಟುತ್ತಿದ್ದರಲ್ಲ, ಅದೇ ಕೆಲಸ. ತಟ್ಟದಿದ್ದರೆ ಸಣ್ಣ ತೂಕ ಲೆಕ್ಕಕ್ಕೇ ಬರುವುದಿಲ್ಲ. ತಂಬೂರಿಯ ಶ್ರುತಿಯನ್ನು ನಿಧಾನವಾಗಿ ಫೇಡ್ ಮಾಡಿ ಡಿದರ್ ಇಲ್ಲದೆ ಎಕ್ಸ್‌ಪೋರ್ಟ್ ಮಾಡಿ ನೋಡಿ. 16 ಬಿಟ್‌ನಲ್ಲಿ ಕೇಳಲು ವಾಲ್ಯೂಮ್ ಬಹಳ ಏರಿಸಬೇಕು. ನಾದ ತೆಳ್ಳಗಾಗುತ್ತಾ ಹೋಗುವ ಬದಲು ಕೊನೆಕೊನೆಗೆ ಜರ್ಜರಿತವಾಗಿ, ಅಲ್ಲಿ ಇಲ್ಲದ ಸ್ವರಗಳೆಲ್ಲ ಇಣುಕಿ, ಅರ್ಧ ಮೆಟ್ಟಿಲಿಗಿಂತ ಕೆಳಗಿಳಿದ ಕೂಡಲೇ ಫಕ್ಕನೆ ನಿಂತುಹೋಗುತ್ತದೆ. ಡಿದರ್ ಇದ್ದರೆ ಅದೇ ನಾದ ಸಣ್ಣ ಸುಯ್ಯಿನೊಳಗೆ ಕರಗುತ್ತಾ ಮೆಟ್ಟಿಲಿಗಿಂತ ಕೆಳಗೂ ಕೇಳುತ್ತದೆ. ಆಡಿಯೊ ಸಂಶೋಧಕರಾದ ವ್ಯಾಂಡರ್‌ಕೂಯ್ ಮತ್ತು ಲಿಪ್‌ಶಿಟ್ಜ್ 1984ರಲ್ಲೇ ಇದನ್ನು ಲೆಕ್ಕಸಮೇತ ತೋರಿಸಿದ್ದಾರೆ.

ಒಂದೇ ಎಚ್ಚರಿಕೆ. 16 ಬಿಟ್ ಫೈಲನ್ನು ಮತ್ತೆ ತೆರೆದು ತಿದ್ದಿ ಮತ್ತೆ 16 ಬಿಟ್‌ಗೆ ಹಾಕಿದರೆ ಪ್ರತಿ ಸಲ ಹೊಸ ಡಿದರ್ ಸೇರುತ್ತದೆ. ಮೂಲ ಪ್ರತಿ 24 ಬಿಟ್ ಫ್ಲ್ಯಾಕ್‌ನಲ್ಲಿರಲಿ (ಗುಣಮಟ್ಟ ಕೆಡದೆ ಕುಗ್ಗಿಸುವ ಫೈಲ್ ಬಗೆ). ಹಂಚುವ ಪ್ರತಿಯನ್ನು ಮಾತ್ರ ಕಡೆಯಲ್ಲಿ ಒಮ್ಮೆ 16ಕ್ಕೆ ಇಳಿಸಿ.

ಹಳೇಕ್ಯಾಸೆಟ್

ಬದುಕಿದೆ ಮಾರಾಯ್ರೇ.

ಶ್ರುತಿಪೆಟ್ಟಿಗೆ

ನಡುವೆ ಬಾಯಿ ಹಾಕ್ತಿದ್ದೇನೆ. ನನ್ನದೂ ಇದೇ ಲೈಬ್ರರಿ, ಆದರೆ ಮಾತಲ್ಲ, ಕೊಳಲು. ಗೇಟ್ ಹಾಕಿದರೆ ಸ್ವರದ ಬಾಲವೇ ಕತ್ತರಿಸಿ ಹೋಗುತ್ತೆ. ನಿಜವಾದ 8 ಬಿಟ್ ಡಿದರ್ ಹಾಕುವ ದಾರಿ ಇದೆಯಾ?

ಸರ್ಕ್ಯೂಟ್ ಮೇಷ್ಟ್ರು

ಇದೆ. ಆಡಾಸಿಟಿಯಿಂದ 32 ಬಿಟ್ ಫ್ಲೋಟ್ ವೇವ್ ತೆಗೆದು, 8 ಬಿಟ್‌ಗೆ ಇಳಿಸುವ ಕೆಲಸ ಸಾಕ್ಸ್ ಎಂಬ ಆಡಿಯೊ ಸಾಫ್ಟ್‌ವೇರಿಗೆ ಕೊಡಿ. ಬಿಟ್ ಇಳಿಯುವಾಗ ಅದು ತಾನಾಗಿಯೇ ತ್ರಿಕೋನ ಡಿದರ್ ಹಾಕುತ್ತದೆ, ಬೇಡವೆಂದರೆ ದೊಡ್ಡಕ್ಷರದ ‘ಡಿ’ ಸ್ವಿಚ್ಚಿನಿಂದ ನಿಲ್ಲಿಸಬಹುದು. ಇಂಥದ್ದೇ ಇನ್ನೊಂದು ಸಾಫ್ಟ್‌ವೇರ್ ಎಫ್‌ಎಫ್‌ಎಂಪೆಗ್ ಬಳಸುವವರಿಗೆ ಇದರ ತಿರುಗುಮುರುಗು: ಕೇಳದೆ ಅದು ಡಿದರ್ ಹಾಕುವುದಿಲ್ಲ.

8 ಬಿಟ್ ಡಿದರ್‌ನ ಸದ್ದು -48 ಡೆಸಿಬಲ್, ಕೇಳಿಯೇ ಕೇಳುತ್ತದೆ. ಕೊಳಲಿಗೆ ಅದನ್ನು ಸಹಿಸಿಕೊಳ್ಳಬಹುದು, ಬಾಲ ತುಂಡಾಗುವುದಕ್ಕಿಂತ ವಾಸಿ. ಮಾತಿಗೆ ನಾನಾದರೆ ಮೌನವನ್ನೇ ಆರಿಸುತ್ತೇನೆ.

ಶೇಪ್ಡ್ ಮಾತ್ರ ಇಲ್ಲಿ ಹಾಕಬೇಡಿ. ಆ ಆಕಾರವನ್ನು ಕೆತ್ತಿರುವುದು 44.1 ಕಿಲೋಹರ್ಟ್ಸ್‌ಗೆ. ಅಲ್ಲಿ 15 ಕಿಲೋಹರ್ಟ್ಸ್‌ನಿಂದ ಏಳುವ ಗುಡ್ಡ, ಅದೇ ಫಿಲ್ಟರನ್ನು 16,000 ಸ್ಯಾಂಪಲ್ ರೇಟಿನಲ್ಲಿ ಬಳಸಿದರೆ 5.4ಕ್ಕೆ ಇಳಿದು ಬರುತ್ತದೆ. ‘ಸ’, ‘ಶ’ ಉಚ್ಚಾರವಾಗುವುದೇ ಆ ಸುಮಾರಿನಲ್ಲಿ. ಅಡಗಿಸಲು ಹೋದ ಸದ್ದನ್ನು ತಂದು ಕಿವಿಯೆದುರು ಇಟ್ಟ ಹಾಗೆ.

ಬೆಸುಗೆ

ಮೇಷ್ಟ್ರೇ, ಆಯ್ತು! 0.0039 ಕೂಡಿಸಿದ ಮೇಲೆ ‘ಕೆಂಬೂತ’ದ ನಂತರದ ಉಸಿರಿನ ಜಾಗ ಸ್ವಚ್ಛ. ಮಿಂಚುಳ್ಳಿಯ ಫೈಲಿನಲ್ಲಿ ಮಾತ್ರ ಫ್ಯಾನ್ ಸದ್ದು ಜೋರಿತ್ತು, ಅದಕ್ಕೊಂದಕ್ಕೆ ಗೇಟ್ ಹಾಕಬೇಕಾಯಿತು. ಕುತೂಹಲಕ್ಕೆ ಡಿದರನ್ನು ಪುನಃ ಶೇಪ್ಡ್‌ಗೆ ಇಟ್ಟೂ ಎಕ್ಸ್‌ಪೋರ್ಟ್ ಮಾಡಿ ನೋಡಿದೆ. ಖಾಲಿ ಜಾಗ ಆಗಲೂ ಒಂದೇ ಸಾಲು. ಹಾಗಾದರೆ ನನ್ ಮಾಡುವ ಅಗತ್ಯವೇ ಇರಲಿಲ್ಲವಾ?

ಸರ್ಕ್ಯೂಟ್ ಮೇಷ್ಟ್ರು

ಸರಿಯಾಗಿ ಹಿಡಿದಿರಿ. 16 ಬಿಟ್ ಡಿದರ್ ಅಲುಗಾಡುವುದು 16 ಬಿಟ್‌ನ ಕೆಲವೇ ಮೆಟ್ಟಿಲಷ್ಟು. ನೀವು ಎತ್ತಿದ ಅರ್ಧ ಮೆಟ್ಟಿಲು ಎಂದರೆ ಅಂಥ 128 ಮೆಟ್ಟಿಲು. ಕತ್ತರಿಯವರೆಗೆ ಅದು ತಲುಪುವುದೇ ಇಲ್ಲ. ಪ್ರಿಫರೆನ್ಸಸ್ ಮೊದಲಿದ್ದ ಹಾಗೇ ಬಿಡಿ, ನಾಳೆ ಬೇರೆ 16 ಬಿಟ್ ಕೆಲಸಕ್ಕೆ ಶೇಪ್ಡ್ ಬೇಕಾಗುತ್ತದೆ.

ಬೆಸುಗೆ

ಹಾಗೇ ಮಾಡಿದೆ ಸರ್. ಇನ್ನೊಂದು ಸಣ್ಣದು: ಕಂಪ್ಯೂಟರಿನಲ್ಲಿ ಮೌನವಾಗಿರುವ ಫೈಲು ಪೆಟ್ಟಿಗೆಯಲ್ಲಿ ಓಡುವಾಗ ಮೆಲ್ಲಗೆ ‘ಟಿಕ್ ಟಿಕ್’ ಅನ್ನುತ್ತೆ.

ಸರ್ಕ್ಯೂಟ್ ಮೇಷ್ಟ್ರು

ಫೈಲಿನದ್ದಲ್ಲ ಅಂತ ನೀವೇ ತೋರಿಸಿದಿರಿ. ಎಸ್‌ಡಿ ಕಾರ್ಡ್ ಓದುವಾಗ ಕರೆಂಟ್ ಎಳೆಯುವುದು ಆಂಪ್ಲಿಫೈಯರಿನ 5 ವೋಲ್ಟ್ ಲೈನಿಗೆ ತಾಗುತ್ತಿರಬಹುದು. ಆಂಪ್ಲಿಫೈಯರಿನ ಪವರ್ ಪಿನ್‌ಗಳಿಗೆ ಹತ್ತಿರದಲ್ಲೇ 470 ಮೈಕ್ರೋಫ್ಯಾರಡ್ ಕೆಪಾಸಿಟರ್ ಒಂದು ಕೂರಿಸಿ, ಆಂಪ್ಲಿಫೈಯರಿನ ಗ್ರೌಂಡ್ ತಂತಿಯನ್ನು ಕಾರ್ಡ್ ಮಾಡ್ಯೂಲಿನ ಜೊತೆ ಸೇರಿಸದೆ ಬೇರೆಯಾಗಿ ಎಳೆಯಿರಿ. ನಿಲ್ಲದಿದ್ದರೆ ಅದಕ್ಕೇ ಬೇರೆ ಪ್ರಶ್ನೆ ಹಾಕಿ, ವೈರಿಂಗ್ ಫೋಟೋ ಸಮೇತ. ಪೆಟ್ಟಿಗೆ ತೆರೆಯಲೇಬೇಕಾಗುತ್ತದೆ, ಬಣ್ಣ ಜೋಪಾನ.