ಸೂಪರ್‌ಚಾರ್ಜರ್ ಕೂತಿದೆ, ಪೆಟ್ರೋಲ್ ಸಾಲುತ್ತಿಲ್ಲ: ಟ್ಯೂನರ್ ಜೊತೆ ಪ್ರಶ್ನೋತ್ತರ

ಪ್ರಶ್ನೆ (ರಾಜಾಜಿನಗರದಿಂದ): ನಮಸ್ಕಾರ ಸರ್. ನನ್ನದು 2017ರ ಮಸ್ಟಾಂಗ್ ಜಿಟಿ, 5 ಲೀಟರ್ ವಿ8. ಎಂಜಿನ್‌ಗೆ ಗಾಳಿ ಒತ್ತಿ ತುಂಬುವ ಟ್ವಿನ್ ಸ್ಕ್ರೂ ಸೂಪರ್‌ಚಾರ್ಜರ್ ಕಿಟ್ ಹಾಕಿಸಿದ್ದೇನೆ, ಬೂಸ್ಟ್ (ಅದು ಕೊಡುವ ಹೆಚ್ಚುವರಿ ಒತ್ತಡ) 0.6 ಬಾರ್. ಡೈನೋ (ಪವರ್ ಅಳೆಯುವ ಯಂತ್ರ) ಶೀಟ್‌ನಲ್ಲಿ ಚಕ್ರದ ಬಳಿ 600 ಎಚ್‌ಪಿ ತೋರಿಸಿದೆ. 5,500 ಆರ್‌ಪಿಎಂ ತನಕ ಲ್ಯಾಂಬ್ಡಾ (ಗಾಳಿ-ಪೆಟ್ರೋಲ್ ಅನುಪಾತದ ಅಳತೆ, ಏರಿದಷ್ಟೂ ಪೆಟ್ರೋಲ್ ಕಮ್ಮಿ) 0.80 ನಿಲ್ಲುತ್ತದೆ, 6,500 ಹೊತ್ತಿಗೆ 0.88 ಆಗುತ್ತದೆ. ಇಂಜೆಕ್ಟರ್ ಡ್ಯೂಟಿ, ಅಂದರೆ ಪೆಟ್ರೋಲ್ ಚಿಮ್ಮಿಸುವ ಇಂಜೆಕ್ಟರ್ ತೆರೆದಿರುವ ಹೊತ್ತು, 94 ಪರ್ಸೆಂಟ್. ಪಂಪು, ವೈರಿಂಗು ಎಲ್ಲ ಕಂಪನಿಯದ್ದೇ. ಗ್ಯಾರೇಜಿನವರು ದೊಡ್ಡ ಇಂಜೆಕ್ಟರ್ ಹಾಕಿದರೆ ಸಾಕು ಅಂತಾರೆ. ಮುಂದಿನ ತಿಂಗಳು ಚೆನ್ನೈ ಹತ್ತಿರ ಇರುಂಗಾಟ್ಟುಕೋಟೈ ಟ್ರ್ಯಾಕ್‌ಗೆ ಹೋಗುವ ಪ್ಲಾನ್ ಇದೆ. ಸಾಕಾಗುತ್ತಾ?

ಉತ್ತರ: ಮೊದಲು ಒಂದು ಕೆಲಸ. 6,500 ತನಕ ಎಳೆಯುವುದನ್ನು ಇವತ್ತಿಂದಲೇ ನಿಲ್ಲಿಸಿ. ಬೂಸ್ಟ್‌ನಲ್ಲಿ 0.88 ಅಂದರೆ ಲೀನ್, ಗಾಳಿಗೆ ತಕ್ಕಷ್ಟು ಪೆಟ್ರೋಲ್ ಇಲ್ಲ. ನಾಕಿಂಗ್ (ಸಿಲಿಂಡರ್‌ನಲ್ಲಿ ಪೆಟ್ರೋಲ್ ತಾನಾಗಿ ಸಿಡಿಯುವುದು) ಶುರುವಾದರೆ ಪಿಸ್ಟನ್‌ನ ರಿಂಗ್ ಕೂರುವ ಅಂಚು ಒಡೆಯಲು ಜಾಸ್ತಿ ಹೊತ್ತು ಬೇಕಾಗಿಲ್ಲ.

ಇನ್ನು ಇಂಜೆಕ್ಟರ್. ನೀವು ಕೊಟ್ಟ ವಿವರದಲ್ಲಿ ಮುಖ್ಯವಾದ ಒಂದು ನಂಬರೇ ಇಲ್ಲ: ಫ್ಯೂಯಲ್ ರೈಲ್‌ನ (ಇಂಜೆಕ್ಟರ್‌ಗಳಿಗೆ ಪೆಟ್ರೋಲ್ ಹಂಚುವ ಕೊಳವೆ) ಪ್ರೆಶರ್. ಡ್ಯೂಟಿ 94ಕ್ಕೆ ಹೋಗುವುದಕ್ಕೆ ಎರಡು ಕಾರಣ ಇರಬಹುದು. ಇಂಜೆಕ್ಟರೇ ಚಿಕ್ಕದಿರಬಹುದು. ಇಲ್ಲವೇ ಪ್ರೆಶರ್ ಬೀಳುತ್ತಿದೆ, ಅದನ್ನು ಸರಿದೂಗಿಸಲು ಇಸಿಯು (ಎಂಜಿನ್ ಕಂಪ್ಯೂಟರ್) ಇಂಜೆಕ್ಟರನ್ನು ಜಾಸ್ತಿ ಹೊತ್ತು ತೆರೆದಿಡುತ್ತಿದೆ. ಎರಡನೆಯದಾದರೆ ದೊಡ್ಡ ಇಂಜೆಕ್ಟರ್ ಹಾಕಿ ಏನೂ ಉಪಯೋಗ ಇಲ್ಲ. ಕಾವೇರಿ ಲೈನಿನಲ್ಲಿ ನೀರೇ ಇಲ್ಲದಾಗ ಮನೆಯ ನಲ್ಲಿ ಬದಲಾಯಿಸಿದ ಹಾಗೆ ಆಗುತ್ತದೆ. ರೈಲ್‌ಗೆ ಒಂದು ಪ್ರೆಶರ್ ಸೆನ್ಸರ್ ಹಾಕಿಸಿ. ಪಂಪಿನ ಕನೆಕ್ಟರ್ ಹತ್ತಿರ ವೋಲ್ಟೇಜ್ ಕೂಡ ಲಾಗ್ ಮಾಡಿಸಿ. ಬ್ಯಾಟರಿ ಹತ್ತಿರ ಅಲ್ಲ, ಪಂಪಿನ ಹತ್ತಿರ. 6,000 ತನಕ ಒಂದೇ ಪುಲ್ ಸಾಕು. ಅದು ಬರುವ ತನಕ ಯಾವ ಬಿಡಿಭಾಗಕ್ಕೂ ದುಡ್ಡು ಹಾಕಬೇಡಿ.

ಪ್ರಶ್ನೆ (ಅವರೇ, ನಾಲ್ಕು ದಿನದ ಮೇಲೆ): ಸೆನ್ಸರ್ ಹಾಕಿಸಿದೆ ಸರ್. ಐಡಲ್‌ನಲ್ಲಿ 3.9 ಬಾರ್. ಫುಲ್ ಥ್ರಾಟಲ್‌ನಲ್ಲಿ 6,000 ಆರ್‌ಪಿಎಂಗೆ 3.2 ಬಾರ್. ಆಗ ಬ್ಯಾಟರಿಯಲ್ಲಿ 13.8 ವೋಲ್ಟ್, ಪಂಪಿನ ಹತ್ತಿರ 11.9.

ಉತ್ತರ: ಉತ್ತರ ನಿಮ್ಮ ಲಾಗ್‌ನಲ್ಲೇ ಇದೆ. 3.2 ಅಂದುಕೊಳ್ಳಬೇಡಿ, ನಿಜಕ್ಕೂ ಅದಕ್ಕಿಂತ ಕಮ್ಮಿ. ಇಂಜೆಕ್ಟರ್‌ನ ತುದಿ ಇರುವುದು ಮ್ಯಾನಿಫೋಲ್ಡ್ (ಎಂಜಿನ್‌ಗೆ ಗಾಳಿ ಹೋಗುವ ಕೊಳವೆ) ಒಳಗೆ. ಅಲ್ಲಿ 0.6 ಬಾರ್ ಬೂಸ್ಟ್ ಎದುರಿಂದ ತಳ್ಳುತ್ತಿದೆ. ಹಾಗಾಗಿ ಪೆಟ್ರೋಲನ್ನು ಹೊರಗೆ ತಳ್ಳುವುದಕ್ಕೆ ಉಳಿಯುವುದು 2.6 ಬಾರ್ ಮಾತ್ರ. ಇಂಜೆಕ್ಟರ್ ಹರಿವು ಪ್ರೆಶರ್‌ನ ವರ್ಗಮೂಲದ ಲೆಕ್ಕದಲ್ಲಿ ಬದಲಾಗುತ್ತದೆ. 3.9 ಇರಬೇಕಾದ ಕಡೆ 2.6 ಇದ್ದರೆ ಹರಿವು ಸುಮಾರು 18 ಪರ್ಸೆಂಟ್ ಕಮ್ಮಿ. ನಿಮ್ಮ ಲೀನ್ ಕಥೆ ಪೂರ್ತಿ ಇಲ್ಲೇ ಇದೆ.

ಇದರಲ್ಲಿ ಮೂರು ಸಮಸ್ಯೆ ಸೇರಿಕೊಂಡಿವೆ. ಪಂಪಿಗೆ ಶಕ್ತಿ ಸಾಲದು. ಅದಕ್ಕೆ ಹೋಗುವ ಸಣ್ಣ ವೈರ್ ಹತ್ತಿರ ಹತ್ತಿರ 2 ವೋಲ್ಟ್ ನುಂಗುತ್ತಿದೆ. ಕಂಪನಿಯ ರಿಟರ್ನ್ ಇಲ್ಲದ (ಉಳಿದ ಪೆಟ್ರೋಲ್ ಟ್ಯಾಂಕಿಗೆ ವಾಪಸ್ ಹೋಗದ) ಲೈನಿಗೆ ಬೂಸ್ಟ್ ಇದೆ ಅನ್ನುವುದೇ ಗೊತ್ತಿಲ್ಲ. ವೈರಿಂಗ್ ಕೆಲಸ ಎಲ್ಲಕ್ಕಿಂತ ಅಗ್ಗ, ಅದನ್ನೇ ಜನ ಮರೆಯುವುದು. ಬ್ಯಾಟರಿಯಿಂದ ನೇರವಾಗಿ ದಪ್ಪ ವೈರ್, ಬ್ಯಾಟರಿ ಪಕ್ಕದಲ್ಲೇ ಫ್ಯೂಸ್, ರಿಲೇ, ಹಿಂದೆ ಒಳ್ಳೆ ಅರ್ತಿಂಗ್. ದೊಡ್ಡ ಪಂಪುಗಳು ಪ್ರೆಶರ್ ಏರಿದಾಗ 15ರಿಂದ 20 ಆಂಪಿಯರ್ ಎಳೆಯುತ್ತವೆ. ಹಳೇ ವೈರ್ ಅದನ್ನು ತಡೆಯುವುದಿಲ್ಲ.

ಪಂಪಿನ ಲೆಕ್ಕ ಹೀಗೆ. ಚಕ್ರದಲ್ಲಿ 600 ಅಂದರೆ ಕ್ರ್ಯಾಂಕ್‌ನಲ್ಲಿ ಸುಮಾರು 700. ಸೂಪರ್‌ಚಾರ್ಜರ್ ಬೆಲ್ಟ್ ತಿರುಗಿಸಲು ಎಂಜಿನ್ ಸುಡುವ ಪೆಟ್ರೋಲ್ ಡೈನೋದಲ್ಲಿ ಪವರ್ ಆಗಿ ಕಾಣುವುದಿಲ್ಲ, ಆದರೆ ಪಂಪ್ ಅದನ್ನೂ ಕೊಡಬೇಕು. ಅದಕ್ಕೇ ಒಂದು ಎಚ್‌ಪಿಗೆ ಗಂಟೆಗೆ 0.3 ಕೆಜಿ ಹತ್ತಿರ ಹಿಡಿಯುತ್ತೇನೆ. ಗಂಟೆಗೆ ಸುಮಾರು 275 ಲೀಟರ್ ಆಯಿತು. ಈಗ ಬಂಕಿನಲ್ಲಿ ಸಿಗುವುದು ಇ20 (20 ಪರ್ಸೆಂಟ್ ಎಥನಾಲ್ ಬೆರೆಸಿದ ಪೆಟ್ರೋಲ್), ಅದಕ್ಕೆ ಇನ್ನೊಂದು 7 ಪರ್ಸೆಂಟ್ ಸೇರಿಸಿ. ಮೇಲೆ ಕಾಲು ಭಾಗ ಮಾರ್ಜಿನ್. ಒಟ್ಟು 360ರಿಂದ 370 ಲೀಟರ್. ಅದೂ 4.5 ಬಾರ್ ಪ್ರೆಶರ್‌ನಲ್ಲಿ, ಗೊತ್ತಿರಲಿ. ಡಬ್ಬಿ ಮೇಲೆ ಬರೆದಿರುವ 255, 450 ಎಲ್ಲ ಸಾಮಾನ್ಯವಾಗಿ ಕಮ್ಮಿ ಪ್ರೆಶರ್‌ನ ಅಂಕಿ. ಪ್ರೆಶರ್ ಏರಿದ ಹಾಗೆ ಪಂಪ್ ಕೊಡುವುದು ಇಳಿಯುತ್ತದೆ. ಗ್ರಾಫ್ ಕೇಳಿ ತಗೊಳ್ಳಿ. ಗ್ರಾಫ್ ಕೊಡದ ಅಂಗಡಿಯವರ ಹತ್ತಿರ ಪಂಪ್ ಬೇಡ. ನಕಲಿ ಪಂಪುಗಳ ಕಾಟ ಬೇರೆ ಇದೆ.

ರಿಟರ್ನ್ ಲೈನ್ ಎಳೆಸಿ, ಮ್ಯಾನಿಫೋಲ್ಡ್ ರೆಫರೆನ್ಸ್ ಇರುವ ರೆಗ್ಯುಲೇಟರ್ ಹಾಕಿಸಿ. ಬೂಸ್ಟ್ 0.6 ಏರಿದರೆ ರೈಲ್ ಪ್ರೆಶರ್ ಕೂಡ 0.6 ಏರಬೇಕು. ಇಂಜೆಕ್ಟರ್ ಆಮೇಲೆ. ಇದೇ ಲೆಕ್ಕದಲ್ಲಿ, 80 ಪರ್ಸೆಂಟ್ ಡ್ಯೂಟಿಗೆ, ಒಂದೊಂದೂ ನಿಮಿಷಕ್ಕೆ 770 ಸಿಸಿ ಕೊಡಬೇಕು. 1000 ಸಿಸಿ ದರ್ಜೆಯದು ತಗೊಂಡರೆ ನಿರಾಳ.

ಪ್ರಶ್ನೆ (ಜಯನಗರದಿಂದ): ಮಧ್ಯೆ ಬಾಯಿ ಹಾಕ್ತಿದ್ದೀನಿ ಸರ್. ಬೆಂಗಳೂರಲ್ಲಿ ಟ್ಯೂನ್ ಆಗಿ ಸರಿ ಇದ್ದ ಕಾರು ಚೆನ್ನೈಗೆ ಹೋದರೆ ಯಾಕೆ ಲೀನ್ ಆಗುತ್ತದೆ? ನನ್ನ ಸ್ನೇಹಿತರ ಕಾರಿಗೆ ಹಾಗೇ ಆಯಿತು.

ಉತ್ತರ: ಒಳ್ಳೆ ಪ್ರಶ್ನೆ. ರಾಜಾಜಿನಗರದವರೂ ಇದನ್ನು ಓದಲೇಬೇಕು. ನಾವಿರುವುದು ಸಮುದ್ರ ಮಟ್ಟಕ್ಕಿಂತ 900 ಮೀಟರಿಗೂ ಮೇಲೆ. ಇಲ್ಲಿ ಗಾಳಿಯ ಒತ್ತಡ ಸುಮಾರು 10 ಪರ್ಸೆಂಟ್ ಕಮ್ಮಿ. ಟ್ವಿನ್ ಸ್ಕ್ರೂ ಒಂದು ಸುತ್ತಿಗೆ ಇಷ್ಟೇ ಗಾತ್ರದ ಗಾಳಿ ಅಂತ ನುಂಗುತ್ತದೆ. ಚೆನ್ನೈಗೋ ಮಂಗಳೂರಿಗೋ ಇಳಿದರೆ ಅದೇ ಗಾತ್ರದಲ್ಲಿ ಜಾಸ್ತಿ ತೂಕದ ಗಾಳಿ ಒಳಗೆ ಹೋಗುತ್ತದೆ, ಬೂಸ್ಟ್ ಗೇಜ್ ಕೂಡ ಸ್ವಲ್ಪ ಮೇಲೆ ತೋರಿಸುತ್ತದೆ. ಪೆಟ್ರೋಲೂ ಅಷ್ಟೇ ಜಾಸ್ತಿ ಬೇಕು. ಅಲ್ಲಿನ ಸೆಕೆಯಿಂದ ಸ್ವಲ್ಪ ಕಮ್ಮಿ ಆಗುತ್ತದೆ ನಿಜ, ಆದರೆ ಬೆಳಗಿನ ಮೊದಲ ಸೆಷನ್‌ನಲ್ಲಿ ಅದೂ ಇರುವುದಿಲ್ಲ. ಇಲ್ಲಿ 94 ಡ್ಯೂಟಿಯಲ್ಲಿ ಓಡುವ ಇಂಜೆಕ್ಟರಿಗೆ ಅಲ್ಲಿ ಜಾಗವೇ ಇಲ್ಲ.

ಇನ್ನೊಂದು ಸೂಕ್ಷ್ಮ. ಡೈನೋ ಶೀಟ್‌ನಲ್ಲಿ ಎಸ್‌ಎಇ ಕರೆಕ್ಷನ್ (ಅಳತೆಯನ್ನು ಒಂದು ಗೊತ್ತಾದ ಹವೆಗೆ ಸರಿಹೊಂದಿಸುವ ಲೆಕ್ಕ) ಆನ್ ಇತ್ತಾ ಕೇಳಿ. ಆನ್ ಇದ್ದರೆ ಆ 600 ಸಮುದ್ರ ಮಟ್ಟಕ್ಕೆ ಹತ್ತಿರದ ಲೆಕ್ಕ. ಇಲ್ಲಿ ನಿಜಕ್ಕೂ ಬಂದದ್ದು 540ರ ಆಸುಪಾಸು. ಅಂದರೆ ನಿಮ್ಮ ಪಂಪು, ಇಂಜೆಕ್ಟರು ಸೋತಿದ್ದು 540ಕ್ಕೇ! ಬೆಂಗಳೂರಿನ ಕಾರಿಗೆ ಫ್ಯೂಯಲ್ ಸಿಸ್ಟಮ್ ಆರಿಸುವಾಗ ಚೆನ್ನೈಯ ಲೆಕ್ಕ ಹಾಕಿ ಅನ್ನುವುದು ಇದಕ್ಕೇ.

ಪ್ರಶ್ನೆ (ಕೋರಮಂಗಲದಿಂದ): ಇ20 ಬಿಟ್ಟು 100 ಆಕ್ಟೇನ್ ಹಾಕಿದರೆ ಈ ತಲೆನೋವೇ ಇರಲ್ಲ ಅಲ್ವಾ?

ಉತ್ತರ: ಆಕ್ಟೇನ್ ಬೇರೆ, ಹರಿವು ಬೇರೆ. ಆಕ್ಟೇನ್ ಜಾಸ್ತಿ ಆದರೆ ನಾಕಿಂಗ್ ದೂರ ಹೋಗುತ್ತದೆ, ಪಂಪಿನ ಕೊರತೆ ತುಂಬುವುದಿಲ್ಲ. 100 ಆಕ್ಟೇನ್ ಎಲ್ಲ ಬಂಕಿನಲ್ಲೂ ಸಿಗುವುದಿಲ್ಲ, ದಾರಿಯಲ್ಲಿ ಒಂದು ದಿನ ಇ20 ಹಾಕಿಸಲೇಬೇಕಾಗುತ್ತದೆ. 2023ರ ಫೆಬ್ರವರಿಯಲ್ಲಿ ಇ20 ಬಿಡುಗಡೆ ಆಗಿದ್ದೇ ನಮ್ಮ ಬೆಂಗಳೂರಿನ ಕಾರ್ಯಕ್ರಮದಲ್ಲಿ. ಅದು ಇನ್ನು ವಾಪಸ್ ಹೋಗುತ್ತದೆ ಅಂತ ಕಾಯಬೇಡಿ.

ಟ್ಯೂನ್‌ಗೆ ಮುಂಚೆ ನಾವು ಟ್ಯಾಂಕಿನ ಪೆಟ್ರೋಲನ್ನು ಗಾಜಿನ ಅಳತೆ ಜಾಡಿಯಲ್ಲಿ ನೋಡುತ್ತೇವೆ. 10 ಮಿಲಿ ನೀರು, ಮೇಲೆ 100ರ ಗೆರೆ ತನಕ ಪೆಟ್ರೋಲ್, ಮುಚ್ಚಿ ಅಲುಗಿಸಿ ನಿಲ್ಲಿಸುವುದು. ಎಥನಾಲ್ ಬಿಟ್ಟುಕೊಂಡು ನೀರಿಗೆ ಸೇರುತ್ತದೆ. ಸ್ವಲ್ಪ ಹೊತ್ತಿಗೆ ಕೆಳಗಿನ ಪದರ ತಿಳಿಯಾಗಿ 28ರ ಹತ್ತಿರ ನಿಂತರೆ ಅದು ಇ20. 10ರಲ್ಲೇ ನಿಂತರೆ ಎಥನಾಲ್ ಇಲ್ಲ. ಗಾಳಿ ಆಡುವ ಜಾಗದಲ್ಲಿ ಮಾಡಿ, ಹತ್ತಿರ ಬೆಂಕಿ, ಬೀಡಿ ಏನೂ ಬೇಡ. ಎರಡೂ ಬಗೆಯ ಪೆಟ್ರೋಲ್ ಹಾಕುವವರು ಸುಮ್ನೆ ಎಥನಾಲ್ ಪ್ರಮಾಣ ಅಳೆಯುವ ಫ್ಲೆಕ್ಸ್ ಫ್ಯೂಯಲ್ ಸೆನ್ಸರ್ ಹಾಕಿಸಿಬಿಡಿ.

ಪ್ರಶ್ನೆ (ಬಸವೇಶ್ವರನಗರದಿಂದ): ಜೆಸಿ ರೋಡ್‌ನಲ್ಲಿ ಮೀಟರ್ ಲೆಕ್ಕದಲ್ಲಿ ಸಿಗುವ ಫ್ಯೂಯಲ್ ಹೋಸ್ ಟ್ಯಾಂಕ್ ಒಳಗೆ ಹಾಕಬಹುದಾ?

ಉತ್ತರ: ಮೇಲೆ ಜೆ30ಆರ್10 ಅಂತ ಅಚ್ಚಾಗಿದ್ದರೆ ಹಾಕಿ. ಪೆಟ್ರೋಲ್‌ನಲ್ಲಿ ಮುಳುಗಿರುವುದಕ್ಕೆಂದೇ ಮಾಡಿದ್ದು ಅದು. ಮಾಮೂಲಿ ಹೋಸ್ ಒಳಗಿನಿಂದ ಪೆಟ್ರೋಲ್ ತಡೆಯುತ್ತದೆ, ಹೊರಗಿನ ಪದರ ನೆನೆದು ಉಬ್ಬುತ್ತದೆ. ಕ್ಲಾಂಪ್ ಸಡಿಲ ಆದರೆ ಪ್ರೆಶರ್ ಟ್ಯಾಂಕಿನೊಳಗೇ ಸೋರಿ ಹೋಗುತ್ತದೆ, ಹೊರಗೆ ಒಂದು ಹನಿಯೂ ಕಾಣುವುದಿಲ್ಲ. ಹೊರಗಿನ ಲೈನಿಗೆ ಪಿಟಿಎಫ್‌ಇ (ಟೆಫ್ಲಾನ್) ಒಳಪದರದ್ದು ಒಳ್ಳೆಯದು. ಪಂಪಿನ ನಂತರದ 10 ಮೈಕ್ರಾನ್ ಫಿಲ್ಟರ್ ಕಾಗದದ್ದು ಬೇಡ, ಎಥನಾಲ್‌ಗೆ ಉಬ್ಬುತ್ತದೆ.

ಪ್ರಶ್ನೆ (ರಾಜಾಜಿನಗರದವರೇ): ಆರ್‌ಟಿಒ ತೊಂದರೆ? ಆಮೇಲೆ, ಸಿಲ್ಕ್ ಬೋರ್ಡ್ ಟ್ರಾಫಿಕ್‌ನಲ್ಲಿ ದೊಡ್ಡ ಪಂಪ್ ಬಿಸಿ ಆಗಲ್ವಾ? ಚೆನ್ನೈಗೆ ಮುಂಚೆ ಎಲ್ಲ ಕೆಲಸ ಮುಗಿಯುವ ಹಾಗೆ ಕಾಣುತ್ತಿಲ್ಲ.

ಉತ್ತರ: ಮೋಟಾರು ವಾಹನ ಕಾಯ್ದೆಯ ಸೆಕ್ಷನ್ 52ರ ಪ್ರಕಾರ ಆರ್‌ಸಿಯಲ್ಲಿರುವ ವಿವರ ಕಂಪನಿಯ ಮೂಲ ವಿವರಕ್ಕೆ ಹೊಂದದ ಹಾಗೆ ಕಾರು ಬದಲಾಯಿಸುವಂತಿಲ್ಲ. ಮಾಲೀಕರಿಗೆ ಒಂದೊಂದು ಬದಲಾವಣೆಗೂ 5,000 ರೂಪಾಯಿ ದಂಡ, ಇಲ್ಲವೇ ಆರು ತಿಂಗಳ ತನಕ ಜೈಲು, ಎರಡೂ ಆಗಬಹುದು. ಇನ್ಶೂರೆನ್ಸ್‌ನವರೂ ಕ್ಲೇಮ್ ಹೊತ್ತಿಗೆ ಇದನ್ನೇ ಹಿಡಿಯುತ್ತಾರೆ. ರಸ್ತೆಯಲ್ಲಿ ಓಡಿಸುವ ಮುಂಚೆ ವಕೀಲರೊಬ್ಬರ ಹತ್ತಿರ ಮಾತಾಡಿ. ಟ್ರ್ಯಾಕ್‌ಗೆ ಟ್ರೈಲರ್‌ನಲ್ಲಿ ಒಯ್ಯುವುದು ವಾಸಿ.

ಬಿಸಿ ಖಂಡಿತ ಆಗುತ್ತದೆ. ಪಂಪ್ ಯಾವಾಗಲೂ ಫುಲ್ ಓಡುತ್ತದೆ, ಬೇಡವಾದ ಪೆಟ್ರೋಲ್ ಎಂಜಿನ್ ಬೇ ಸುತ್ತಿ ಬಿಸಿಯಾಗಿ ಟ್ಯಾಂಕಿಗೆ ವಾಪಸ್. ಪಂಪ್ ಕಂಟ್ರೋಲರ್ ಹಾಕಿಸಿದರೆ ಕಮ್ಮಿ ಲೋಡ್‌ನಲ್ಲಿ ನಿಧಾನಕ್ಕೆ ಓಡುತ್ತದೆ. ನಿಮ್ಮ ಕಾರಿನದು ಎರಡು ಹೊಟ್ಟೆಯ ಟ್ಯಾಂಕ್. ಟ್ರ್ಯಾಕ್‌ನಲ್ಲಿ ಅರ್ಧಕ್ಕಿಂತ ಕೆಳಗೆ ಇಳಿಸಬೇಡಿ, ತಿರುವಿನಲ್ಲಿ ಪಂಪ್ ಗಾಳಿ ಎಳೆದುಕೊಂಡರೆ ಅದೂ ಲೀನೇ.

ಈ ಸಲ ಕೆಲಸ ಮುಗಿಯದಿದ್ದರೆ ಸೂಪರ್‌ಚಾರ್ಜರ್‌ಗೆ ದೊಡ್ಡ ಪುಲ್ಲಿ ಹಾಕಿಸಿ ಬೂಸ್ಟ್ ಇಳಿಸಿ. ರೆವ್ ಲಿಮಿಟ್ 5,500ಕ್ಕೆ ಇಡಿ. ಪಂಪಿಗೆ ಹೊಸ ವೈರ್ ಮಾತ್ರ ಎಳೆಸಿಕೊಂಡು ಹೋಗಿ. ಪ್ರೆಶರ್ 3.7ಕ್ಕಿಂತ ಕೆಳಗೆ ಬಿದ್ದರೆ ಅಥವಾ ಬೂಸ್ಟ್‌ನಲ್ಲಿ ಲ್ಯಾಂಬ್ಡಾ 0.84 ದಾಟಿದರೆ ಎಂಜಿನ್ ಕಟ್ ಆಗುವ ಹಾಗೆ ಸೆಟ್ ಮಾಡಿಸಿ. ಮೊದಲ ಸೆಷನ್‌ನ ಲಾಗ್ ಇಲ್ಲಿಗೆ ಹಾಕಿ, ಎರಡನೆಯದಕ್ಕೆ ಇಳಿಯುವ ಮುಂಚೆ ನೋಡಿ ಹೇಳುತ್ತೇನೆ.